ಜೀವವಿಕಾಸವೂ ಆಯ್ಕೆಯ ನಿಯಮವೂ

ಶಾಲೆಯಲ್ಲಿ ಕಲಿತ ಪಾಠಗಳಲ್ಲಿ ಕೆಲವು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋದರೂ ಬಾಳಿಗೆ ಅಷ್ಟೇನೂ ನಷ್ಟವಿಲ್ಲ. ಮತ್ತೆ ಕೆಲವು ಪಾಠಗಳಾದರೋ ಮನೆ ನಡೆಸುವಾಗಲೂ, ಮಕ್ಕಳ ಕಾಯಿಲೆಗೆ ಶುಶ್ರೂಷೆ ಮಾಡುವಾಗಲೂ, ಮಗಳ ವಿವಾಹವನ್ನು ನಿಶ್ಚಯಿಸುವಾಗಲೂ ನೆನಪಿಗೆ ಬರತಕ್ಕವು. ಜೀವಿಗಳು ಕಾಲಕ್ರಮದಲ್ಲಿ ಬದಲಾಗುವುದು ಹೇಗೆ ಎಂಬ ಪಾಠವು ಈ ಎರಡನೆಯ ವರ್ಗಕ್ಕೆ ಸೇರಿದುದೆಂದು ನಾವು ಎಣಿಸುತ್ತೇವೆ. ಆದರೆ ೨೦೨೩ರಲ್ಲಿ ಎನ್.ಸಿ.ಇ.ಆರ್.ಟಿ.ಯವರು ಪ್ರಕಟಿಸಿದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಅದುವರೆಗೆ ಅನುವಂಶೀಯತೆಯೊಡನೆ ಕೂಡಿ ಒಂದೇ ಅಧ್ಯಾಯವಾಗಿದ್ದ ಜೀವವಿಕಾಸದ ಭಾಗವು ಬಿಟ್ಟುಹೋಯಿತು. ಮಕ್ಕಳ ಪಾಠದ ಹೊರೆಯನ್ನು ತಗ್ಗಿಸುವುದಕ್ಕಾಗಿ ಹೀಗೆ ಮಾಡಲಾಯಿತೆಂದು ಕಾರಣ ಕೊಡಲ್ಪಟ್ಟಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ೧,೮೦೦ಕ್ಕೂ ಮಿಕ್ಕಿದ ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರವೊಂದಕ್ಕೆ ಸಹಿ ಮಾಡಿ, ಈ ಪಾಠವನ್ನು ತಿರುಗಿ ಸೇರಿಸಬೇಕೆಂದು ಬೇಡಿಕೊಂಡರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದನ್ನು ಉಳಿಸಿಕೊಂಡರೆಂಬುದು ನಿಜ. ಆದರೆ ಹತ್ತನೆಯ ತರಗತಿಯಾದೊಡನೆ ವಾಣಿಜ್ಯವನ್ನೋ ಕಲಾವಿಭಾಗವನ್ನೋ ಹಿಡಿಯುವ ಹುಡುಗಿಗೆ ಆ ಪಾಠವು ಎಲ್ಲಿ ದೊರೆಯಬೇಕು?

ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಪಾಲಿಗೆ ಬಂದ ಪುಟಗಳನ್ನು ಆ ಒಂದು ಪಾಠಕ್ಕೇ ಮೀಸಲಿಡಲು ನಿಶ್ಚಯಿಸಿದೆವು. ಹಿಂದೆ ಇದನ್ನು ಕಲಿತ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಇದು ಪುನರಾವರ್ತನೆಯಾಗಲಿ; ಕಲಿಯುವ ಅವಕಾಶವಿಲ್ಲದೆ ಹೋದ ತಾಯಿತಂದೆಗಳಿಗೆ ಮೊದಲನೆಯ ಪಾಠವಾಗಲಿ.

ವಿಷಯವು ದೊಡ್ಡದು, ಆದರೂ ಅದರ ಬಾಗಿಲು ನಮ್ಮ ಅಡಿಗೆಮನೆಯಲ್ಲಿಯೇ ಇರುವುದು. ಎಲೆಕೋಸು, ಹೂಕೋಸು, ನವಿಲುಕೋಸು ಈ ಮೂರನ್ನೂ ಸಂತೆಯಿಂದ ತಂದು ಒಂದೇ ಮೊರದಲ್ಲಿಟ್ಟು ನೋಡಿರಿ. ಒಂದರಲ್ಲಿ ನಾವು ತಿನ್ನುವುದು ಒತ್ತೊತ್ತಾಗಿ ಮಡಿಚಿಕೊಂಡ ಎಲೆಯನ್ನು. ಇನ್ನೊಂದರಲ್ಲಿ ಅರಳದೆ ಮುದ್ದೆಗಟ್ಟಿದ ಹೂಗೊಂಚಲನ್ನು. ಮತ್ತೊಂದರಲ್ಲಿ ಉಬ್ಬಿ ಗುಂಡಾದ ಕಾಂಡವನ್ನು. ನೋಟಕ್ಕೆ ಒಂದರಂತೆ ಇನ್ನೊಂದಿಲ್ಲ. ಹೀಗಿದ್ದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವು ಮೂರೂ ಒಂದೇ ಜಾತಿಯ ಗಿಡಗಳು. ಯುರೋಪಿನ ಸಮುದ್ರತೀರಗಳಲ್ಲಿ ಬೆಳೆಯುವ ಕಾಡುಕೋಸಿನ ಬಳಗವೇ ಇವುಗಳ ಮೂಲವು. ರೈತರು ಅದನ್ನು ಬೆಳೆಸಲಾರಂಭಿಸಿದ ಮೇಲೆ, ಒಂದು ಸೀಮೆಯವರು ಎಲೆ ದಟ್ಟವಾಗಿರುವ ಗಿಡಗಳ ಬೀಜವನ್ನೇ ಬಿತ್ತನೆಗೆ ಉಳಿಸಿಕೊಂಡರು. ಇನ್ನೊಂದು ಸೀಮೆಯವರು ಕಾಂಡ ದಪ್ಪವಾಗಿರುವುದನ್ನು ಮೆಚ್ಚಿದರು. ಮತ್ತೊಂದು ಸೀಮೆಯವರಿಗೆ ಹೂಗೊಂಚಲು ರುಚಿಸಿತು. ನೂರಾರು ತಲೆಮಾರು ಹೀಗೆಯೇ ನಡೆಯಲಾಗಿ, ಒಂದೇ ಗಿಡದಿಂದ ಇಷ್ಟು ಬಗೆಯ ತರಕಾರಿಗಳಾದವು. ಇವುಗಳನ್ನು ಹೊಸದಾಗಿ ಸೃಷ್ಟಿಸಬೇಕೆಂದು ಯಾವ ರೈತನೂ ಸಂಕಲ್ಪ ಮಾಡಿದ್ದಿಲ್ಲ. ಆತನು ಮಾಡಿದ್ದಿಷ್ಟೇ: ಮೆಚ್ಚಿದ್ದನ್ನು ಬೀಜಕ್ಕೆ ಬಿಟ್ಟನು, ಮೆಚ್ಚದ್ದನ್ನು ಸಾರಿಗೆ ಹಾಕಿದನು.

ಇದಕ್ಕೆ ಕೃತಕ ಆಯ್ಕೆ, ಅಥವಾ ತಳಿ ಸಂವರ್ಧನೆ, ಎಂದು ಹೆಸರು. ನಮ್ಮ ನಾಡಿನಲ್ಲಿಯೇ ಇದಕ್ಕೆ ಕೀರ್ತಿವೆತ್ತ ನಿದರ್ಶನವುಂಟು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೩–೧೭೦೪) ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿದ್ದಿತು. ಮುಂದೆ ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಹಳ್ಳಿಕಾರ್ ಮೊದಲಾದ ನಾಡದನಗಳ ಪೈಕಿ ವೇಗವೂ ದಣಿವರಿಯದ ದೇಹಶಕ್ತಿಯೂ ಉಳ್ಳವುಗಳನ್ನು ಆರಿಸಿ, ಕಾವಲುಗಳಲ್ಲಿ ಮೇಯಿಸಿ, ಅವುಗಳ ಸಂತತಿಯನ್ನು ಬೆಳೆಸಿದರು. ತೋಪುಗಳನ್ನೂ ಸೈನ್ಯದ ಸಾಮಗ್ರಿಗಳನ್ನೂ ದೂರ ದೂರಕ್ಕೆ ಎಳೆಯಬಲ್ಲ ಎತ್ತುಗಳು ಬೇಕಾಗಿದ್ದವು. ಅಂಥ ಎತ್ತುಗಳೇ ದೊರೆತವು. ಆದರೆ ಆರಿಸುವವರು ಓಟವನ್ನೂ ಎಳೆತವನ್ನೂ ನೋಡಿದರೇ ಹೊರತು ಹಾಲನ್ನು ನೋಡಲಿಲ್ಲ; ಆದುದರಿಂದ ಈ ತಳಿಯ ಹಸುವು ಕೊಡುವ ಹಾಲು ಅದರ ಕರುವಿಗೇ ಸರಿಹೋಗುವಷ್ಟು. ಆಯ್ಕೆಯಲ್ಲಿ ಒಂದು ಗುಣವನ್ನು ಬೆನ್ನಟ್ಟುವವನು ಮತ್ತೊಂದನ್ನು ಕೈಬಿಡುವನೆಂಬುದಕ್ಕೆ ಇದು ಸಾಕ್ಷಿ.

ನಾವು ದಿನನಿತ್ಯ ಉಣ್ಣುವ ರಾಗಿಯ ಕಥೆಯೂ ಇಂಥದೇ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದು ಇಲ್ಲಿಯದೇ ಆಯಿತು. ಮಂಡ್ಯದ ಕೃಷಿ ಸಂಶೋಧನ ಕೇಂದ್ರದಲ್ಲಿ ದುಡಿದ ಡಾ|| ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಮಾಡಿ, ಹುಟ್ಟಿದ ಸಸಿಗಳಲ್ಲಿ ಉತ್ತಮವಾದುವನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋಗಿ, ಹೆಚ್ಚು ಇಳುವರಿ ಕೊಡುವ ಇಂಡಾಫ್ ತಳಿಗಳನ್ನು ರೂಪಿಸಿದರು. ಇಂಡಿಯಾ, ಆಫ್ರಿಕ ಎಂಬೆರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಆದ ಹೆಸರೇ ಇಂಡಾಫ್. ಹತ್ತಾರು ಸಾವಿರ ಮನೆಗಳ ಮುದ್ದೆ ದೊಡ್ಡದಾದುದು ಈ ಆಯ್ಕೆಯ ಪ್ರಯಾಸದಿಂದ.

ಈ ನಿದರ್ಶನಗಳನ್ನು ಪರಾಂಬರಿಸಿದರೆ ಆಯ್ಕೆಯ ಕೆಲಸ ನಡೆಯಲು ಮೂರು ಸಂಗತಿಗಳು ಅವಶ್ಯವೆಂದು ತಿಳಿಯುವುದು. ಮೊದಲನೆಯದು, ವ್ಯತ್ಯಾಸ: ಒಂದೇ ಹೊಲದ ಗಿಡಗಳು, ಒಂದೇ ಕೊಟ್ಟಿಗೆಯ ಕರುಗಳು ಒಂದರಂತೆ ಒಂದು ಇರುವುದಿಲ್ಲ. ಎರಡನೆಯದು, ಅನುವಂಶೀಯತೆ: ಆ ವ್ಯತ್ಯಾಸಗಳಲ್ಲಿ ಕೆಲವಾದರೂ ತಂದೆತಾಯಿಗಳಿಂದ ಮಕ್ಕಳಿಗೆ ಬರುವುವು. ಮೂರನೆಯದು, ಸಂತಾನದಲ್ಲಿ ಹೆಚ್ಚುಕಡಿಮೆ: ಕೆಲವು ಬಗೆಯವು ಹೆಚ್ಚು ಮರಿಗಳನ್ನು ಉಳಿಸಿಹೋಗುವುವು, ಕೆಲವು ಕಡಿಮೆ. ಈ ಮೂರೂ ಕೂಡಿದಲ್ಲಿ ತಳಿಯು ಬದಲಾಗದೆ ಇರುವುದು ಸಾಧ್ಯವಿಲ್ಲ. ಓದುಗರು ಈ ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮಿಕ್ಕುದೆಲ್ಲವೂ ತಾನಾಗಿ ಅರ್ಥವಾಗುವುದು.

ಬದಲಾವಣೆಗೆ ಯುಗಗಳೇ ಬೇಕೆಂದು ಯಾರೂ ಎಣಿಸಬೇಕಾಗಿಲ್ಲ. ೧೯೫೯ರಲ್ಲಿ ರಷ್ಯದ ನೊವೊಸಿಬಿರ್ಸ್ಕ್ ನಗರದಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿಯು ತುಪ್ಪಟಕ್ಕಾಗಿ ಸಾಕುತ್ತಿದ್ದ ನರಿಗಳಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದನು. ಪ್ರತಿ ತಲೆಮಾರಿನಲ್ಲಿಯೂ ಮನುಷ್ಯನಿಗೆ ಹೆದರದೆ ಕಚ್ಚದೆ ಇರುವ ಸಾಧುಗಳನ್ನು ಮಾತ್ರ ಮರಿಹಾಕಲು ಬಿಟ್ಟನು. ಬೇರೆ ಯಾವ ಗುಣವನ್ನೂ ನೋಡಲಿಲ್ಲ. ಹತ್ತು ತಲೆಮಾರುಗಳು ಕಳೆಯುವಷ್ಟರಲ್ಲಿ, ನಾಯಿಮರಿಯಂತೆ ಬಾಲವಾಡಿಸುತ್ತ ಕೈ ನೆಕ್ಕಲು ಬರುವ ನರಿಗಳು ಆ ಹಿಂಡಿನಲ್ಲಿ ಕಾಣಿಸಿಕೊಂಡವು. ಪುರಾತನ ಕಾಲದಲ್ಲಿ ತೋಳದ ಸಂತತಿಯು ನಮ್ಮ ಅಂಗಳದ ನಾಯಿಯಾದುದು ಹೇಗೆಂಬುದನ್ನು ಈ ಪ್ರಯೋಗದಿಂದ ಊಹಿಸಬಹುದು.

ಇಷ್ಟರವರೆಗೆ ಹೇಳಿದುದರಲ್ಲಿ ಆರಿಸುವವನು ಮನುಷ್ಯನು. ಆದರೆ ಕಾಡಿನಲ್ಲಿ, ಕಡಲಲ್ಲಿ, ಬಯಲಲ್ಲಿ ಆರಿಸುವವರು ಯಾರು? ಇದೇ ಚಾರ್ಲ್ಸ್ ಡಾರ್ವಿನ್ನನ ಮುಂದಿದ್ದ ಪ್ರಶ್ನೆ. ಇಂಗ್ಲೆಂಡಿನಲ್ಲಿ ೧೮೦೯ರಲ್ಲಿ ಹುಟ್ಟಿದ ಈತನು ೧೮೩೧ರಿಂದ ೧೮೩೬ರ ವರೆಗೆ ಬೀಗಲ್ ಎಂಬ ಹಡಗಿನಲ್ಲಿ ಲೋಕವನ್ನು ಸುತ್ತಿ ಗಿಡಪ್ರಾಣಿಗಳನ್ನೂ ಪಳೆಯುಳಿಕೆಗಳನ್ನೂ ಸಂಗ್ರಹಿಸಿದನು. ಊರಿಗೆ ಮರಳಿದ ಮೇಲೆ, ಮುಂದೆ ತನ್ನ ಮನೆಯಲ್ಲಿಯೇ ಪಾರಿವಾಳಗಳನ್ನು ಸಾಕಿ, ಲಂಡನ್ನಿನ ಪಾರಿವಾಳದ ಸಂಘಗಳಿಗೆ ಸೇರಿ, ಹವ್ಯಾಸಿಗಳು ಚಿತ್ರವಿಚಿತ್ರವಾದ ತಳಿಗಳನ್ನು ಮಾಡುವ ಬಗೆಯನ್ನು ತಾಳ್ಮೆಯಿಂದ ಕಲಿತನು. ೧೮೫೯ರಲ್ಲಿ ಪ್ರಕಟವಾದ ಆತನ ಜಗತ್ಪ್ರಸಿದ್ಧ ಗ್ರಂಥದ ಮೊದಲನೆಯ ಅಧ್ಯಾಯವು ದೂರದ ದ್ವೀಪಗಳ ಕಥೆಯಲ್ಲ. ಸಾಕುಪ್ರಾಣಿಗಳ ಮತ್ತು ಬೆಳೆಸಿದ ಗಿಡಗಳ ವಿಚಾರವೇ ಅದರಲ್ಲಿರುವುದು. ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂಬ ಅಧ್ಯಾಪನದ ಸೂತ್ರವನ್ನು ಆತನು ಬಲ್ಲವನಾಗಿದ್ದನು.

ಆತನ ಉತ್ತರವನ್ನು ಒಂದು ಲೆಕ್ಕದಿಂದ ವಿವರಿಸಬಹುದು. ವರ್ಷಕ್ಕೊಂದು ಬೆಳೆ ಬರುವ ಒಂದು ಗಿಡವು ನೂರೇ ಬೀಜಗಳನ್ನು ಬಿಡುವುದೆಂದೂ ಅವೆಲ್ಲವೂ ಮೊಳೆತು ಬೆಳೆಯುವುವೆಂದೂ ಎಣಿಸಿರಿ. ಮರುವರ್ಷ ನೂರು ಗಿಡಗಳು. ಅದರ ಮರುವರ್ಷ ಹತ್ತು ಸಾವಿರ. ಐದನೆಯ ವರ್ಷಕ್ಕೆ ಸಾವಿರ ಕೋಟಿ. ಹೀಗೆ ಆಗುವುದನ್ನು ನಾವು ಎಲ್ಲಿಯೂ ಕಾಣೆವು. ಹುಟ್ಟುವ ಜೀವಗಳಲ್ಲಿ ಬಹುಪಾಲು ನೆಲವಿಲ್ಲದೆ, ನೀರಿಲ್ಲದೆ, ಚಳಿಗೆ, ರೋಗಕ್ಕೆ, ಹಕ್ಕಿಗೆ, ಹುಳುವಿಗೆ ತುತ್ತಾಗುವುವು. ಹಾಗಾದರೆ ಬದುಕುಳಿಯುವುವು ಯಾವುವು? ಅದೃಷ್ಟದ ಪಾಲು ಇದ್ದೇ ಇದೆ. ಆದರೆ ಸ್ಥಳಕ್ಕೂ ಕಾಲಕ್ಕೂ ಒಗ್ಗುವ ಯಾವುದಾದರೊಂದು ಗುಣವು ಹುಟ್ಟಿನಿಂದಲೇ ಇರುವಂಥವು ಹೆಚ್ಚು ಸಂಖ್ಯೆಯಲ್ಲಿ ಉಳಿದು, ಆ ಗುಣವನ್ನು ತಮ್ಮ ಮರಿಗಳಿಗೆ ಕೊಡುವುವು. ರೈತನಿಲ್ಲದೆಯೂ ಆಯ್ಕೆಯು ನಡೆದುಹೋಗುವುದು. ಇದೇ ನೈಸರ್ಗಿಕ ಆಯ್ಕೆ. ಆಲ್‌ಫ್ರೆಡ್ ರಸೆಲ್ ವಾಲೇಸ್ ಎಂಬ ಇನ್ನೊಬ್ಬ ಸಂಶೋಧಕನು ಮಲಯ ದ್ವೀಪಸ್ತೋಮದಲ್ಲಿದ್ದಾಗ ತಾನಾಗಿಯೇ ಇದೇ ತತ್ತ್ವವನ್ನು ಕಂಡುಕೊಂಡು ೧೮೫೮ರಲ್ಲಿ ಡಾರ್ವಿನ್ನನಿಗೆ ಬರೆದು ಕಳುಹಿಸಿದನು. ಆ ವರ್ಷದ ಜುಲೈ ೧ರಂದು ಲಂಡನ್ನಿನ ಲಿನೀಯನ್ ಸಂಘದಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು.

ಇದು ಬರಿಯ ಊಹೆಯಲ್ಲ, ಕಣ್ಣಾರೆ ಕಂಡ ಸಂಗತಿಯೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವೆವು. ಇಂಗ್ಲೆಂಡಿನಲ್ಲಿ ಮೆಣಸಿನ ಪುಡಿ ಚಿಮುಕಿಸಿದಂತೆ ಚುಕ್ಕೆಗಳುಳ್ಳ ಒಂದು ಬಿಳಿಯ ಪತಂಗವುಂಟು. ಕಲ್ಲುಹೂ ಬೆಳೆದ ಮರದ ತೊಗಟೆಯ ಮೇಲೆ ಅದು ಕುಳಿತರೆ ಹಕ್ಕಿಯ ಕಣ್ಣಿಗೆ ಸುಲಭವಾಗಿ ಬೀಳದು. ಈ ಪತಂಗದ ಕಪ್ಪು ಬಗೆಯೊಂದು ಮ್ಯಾಂಚೆಸ್ಟರಿನಲ್ಲಿ ೧೮೪೮ರಲ್ಲಿ ಕಂಡಿತು. ಆಗ ಅದು ಅಪರೂಪದ ವಸ್ತು. ಗಿರಣಿಗಳ ಕಲ್ಲಿದ್ದಲ ಹೊಗೆಯಿಂದ ಮರಗಳು ಮಸಿಯಾಗಲು, ಬಿಳಿಯವು ಎದ್ದುಕಂಡು ಹಕ್ಕಿಗಳ ಪಾಲಾದವು, ಕರಿಯವು ಉಳಿದವು. ೧೮೯೫ರ ವೇಳೆಗೆ ಆ ನಗರದ ಸುತ್ತಿನಲ್ಲಿ ನೂರಕ್ಕೆ ೯೮ ಕರಿಯವೇ ಆಗಿದ್ದವು. ೧೯೫೬ರಲ್ಲಿ ಗಾಳಿಯನ್ನು ಶುಚಿಯಾಗಿಡುವ ಕಾನೂನು ಬಂದು ಹೊಗೆ ತಗ್ಗಿದ ಮೇಲೆ, ಕರಿಯವು ಕ್ರಮವಾಗಿ ಕಡಿಮೆಯಾಗಿ ಬಿಳಿಯವು ತಿರುಗಿ ಹೆಚ್ಚಿದವು. ಯಾವ ಪತಂಗವೂ ತನ್ನ ಬಣ್ಣವನ್ನು ಬದಲಾಯಿಸಿಕೊಳ್ಳಲಿಲ್ಲ. ಬದಲಾದುದು ಗುಂಪಿನಲ್ಲಿ ಕರಿಯವಕ್ಕೂ ಬಿಳಿಯವಕ್ಕೂ ಇದ್ದ ಪ್ರಮಾಣವು.

ಎರಡನೆಯ ನಿದರ್ಶನವು ಶಾಂತಸಾಗರದ ಗಲಪಗೋಸ್ ದ್ವೀಪಗಳದು. ಪೀಟರ್ ಗ್ರ್ಯಾಂಟ್, ರೋಸ್‌ಮೆರಿ ಗ್ರ್ಯಾಂಟ್ ಎಂಬ ದಂಪತಿಗಳು ೧೯೭೩ರಿಂದ ನಾಲ್ವತ್ತು ವರ್ಷಗಳ ಕಾಲ ಡಾಫ್ನೆ ಮೇಜರ್ ಎಂಬ ಸಣ್ಣ ದ್ವೀಪದ ಫಿಂಚ್ ಹಕ್ಕಿಗಳನ್ನು ಹಿಡಿದು, ಕೊಕ್ಕನ್ನು ಅಳೆದು, ಕಾಲಿಗೆ ಗುರುತಿನ ಬಳೆ ತೊಡಿಸಿ, ಲೆಕ್ಕವಿಟ್ಟರು. ೧೯೭೭ರಲ್ಲಿ ಮಳೆ ಬಾರದೆ ಸಣ್ಣ ಬೀಜಗಳೆಲ್ಲ ಮುಗಿದುಹೋಗಿ, ದೊಡ್ಡ ಗಟ್ಟಿ ಬೀಜಗಳು ಮಾತ್ರ ಉಳಿದವು. ಅವರು ಗಮನಿಸುತ್ತಿದ್ದ ಫಿಂಚ್ ಜಾತಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಸತ್ತುಹೋದವು. ಗಟ್ಟಿ ಬೀಜವನ್ನು ಒಡೆಯಬಲ್ಲ ದೊಡ್ಡ ಕೊಕ್ಕಿನವು ಹೆಚ್ಚಾಗಿ ಉಳಿದವು. ಮುಂದಿನ ತಲೆಮಾರಿನ ಕೊಕ್ಕು ಹಿಂದಿನದಕ್ಕಿಂತ ಸರಾಸರಿಯಲ್ಲಿ ದೊಡ್ಡದಾಗಿದ್ದಿತು. ಆದರೆ ೧೯೮೩ರಲ್ಲಿ ಧಾರಾಳವಾಗಿ ಮಳೆ ಸುರಿದು ಸಣ್ಣ ಬೀಜಗಳು ಹೇರಳವಾದ ಮೇಲೆ ಆಯ್ಕೆಯು ಸಣ್ಣ ಕೊಕ್ಕಿನ ಕಡೆಗೆ ತಿರುಗಿತು. ಇದರಿಂದ ತಿಳಿಯತಕ್ಕದ್ದೇನೆಂದರೆ, ನಿಸರ್ಗದ ಆಯ್ಕೆಗೆ ಮೊದಲೇ ಗೊತ್ತುಮಾಡಿದ ಗುರಿಯೆಂಬುದಿಲ್ಲ. ಇಂದು ಲಾಭವಾದುದು ನಾಳೆ ನಷ್ಟವಾಗಬಹುದು.

ವ್ಯತ್ಯಾಸಗಳು ಎಲ್ಲಿಂದ ಬರುವುವು, ಹೇಗೆ ಮಕ್ಕಳಿಗೆ ದಾಟುವುವು ಎಂಬುದು ಡಾರ್ವಿನ್ನನಿಗೆ ತಿಳಿದಿರಲಿಲ್ಲ. ಆತನ ಕಾಲದಲ್ಲಿಯೇ ಬ್ರುನ್ ಎಂಬ ಪಟ್ಟಣದ ಮಠವೊಂದರ ಸನ್ಯಾಸಿ ಗ್ರೆಗರ್ ಮೆಂಡೆಲನು ಬಟಾಣಿ ಗಿಡಗಳಲ್ಲಿ ಅದನ್ನು ಕಂಡುಹಿಡಿದು ೧೮೬೬ರಲ್ಲಿ ಪ್ರಕಟಿಸಿದ್ದನು. ಆದರೆ ೧೯೦೦ದ ವರೆಗೆ ಲೋಕವು ಅದರ ಬೆಲೆಯನ್ನು ಅರಿಯಲಿಲ್ಲ. ಎತ್ತರದ ಗಿಡವನ್ನೂ ಗಿಡ್ಡ ಗಿಡವನ್ನೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ಎತ್ತರವೇ ಆದವು. ಅವುಗಳ ಮಕ್ಕಳಲ್ಲಾದರೋ ೭೮೭ ಎತ್ತರ, ೨೭೭ ಗಿಡ್ಡ, ಅಂದರೆ ಸುಮಾರು ಮೂರಕ್ಕೆ ಒಂದು. ಗಿಡ್ಡತನವು ನಾಶವಾಗಿರಲಿಲ್ಲ, ಅಡಗಿಕೊಂಡಿದ್ದಿತು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಂದು ಗುಣಕ್ಕೂ ಎರಡೆರಡು ವಂಶವಾಹಿಗಳು ನಮ್ಮಲ್ಲಿರುವುವು. ಡಿ.ಎನ್.ಎ. ಎಂಬ ವಸ್ತುವಿನಲ್ಲಿ ಬರೆದಿಟ್ಟ ಈ ಬರಹವನ್ನು ದೇಹವು ನಕಲುಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರವು ತಪ್ಪಿಬೀಳುವುದು. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ, ಕೆಲವು ಕೆಡುಕು, ಅಪರೂಪಕ್ಕೊಂದು ಉಪಕಾರಿ. ಆಯ್ಕೆಗೆ ಬೇಕಾದ ಹೊಸ ಸಾಮಗ್ರಿಯು ಇಲ್ಲಿಂದ ಒದಗುವುದು.

ಇಲ್ಲಿ ತಾಯಂದಿರಿಗೆ ಒಂದು ಮಾತು. ನಮ್ಮ ದಕ್ಷಿಣ ದೇಶದಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆಯುಂಟು. ಮೆಂಡೆಲನ ಬಟಾಣಿಯ ಗಿಡ್ಡತನದಂತೆ, ಕೆಲವು ರೋಗಗಳ ವಂಶವಾಹಿಯು ಒಂದೇ ಇದ್ದರೆ ಅಡಗಿರುವುದು, ಎರಡೂ ಕಡೆಯಿಂದ ಬಂದರೆ ತಲೆದೋರುವುದು. ಅಜ್ಜಅಜ್ಜಿಯರು ಒಬ್ಬರೇ ಆದಲ್ಲಿ ಹಾಗೆ ಎರಡೂ ಕಡೆಯಿಂದ ಒಂದೇ ವಂಶವಾಹಿಯು ಬರುವ ಸಂಭವವು ಹೆಚ್ಚು. ಸೋದರಮಾವ–ಸೊಸೆಯ ಮಕ್ಕಳಲ್ಲಿ ಇದರ ಪ್ರಮಾಣವು ಎಂಟರಲ್ಲಿ ಒಂದು, ಅತ್ತೆಮಾವಂದಿರ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಇಂಥ ಮದುವೆಯ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ ಆಗಿರುವರೆಂಬುದೂ ಸತ್ಯ. ಆದರೂ ಮನೆತನದಲ್ಲಿ ಅಂಥ ರೋಗದ ಸುಳಿವಿದ್ದರೆ, ಲಗ್ನವನ್ನು ಗೊತ್ತುಮಾಡುವ ಮುಂಚೆ ವೈದ್ಯರ ಸಲಹೆ ಪಡೆಯುವುದು ವಿವೇಕ.

ಇನ್ನು ಜನರಲ್ಲಿ ಹಬ್ಬಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ನಿವಾರಿಸುವುದು ಅವಶ್ಯ. “ಮಂಗನಿಂದ ಮಾನವನಾದನಂತೆ, ಹಾಗಾದರೆ ಮಂಗಗಳೇಕೆ ಇನ್ನೂ ಇವೆ?” ಎಂದು ಕೇಳುವವರುಂಟು. ಇಂದಿನ ಯಾವ ಮಂಗವೂ ನಮ್ಮ ಪೂರ್ವಜನಲ್ಲ. ದೊಡ್ಡಪ್ಪನ ಮಗಳು ನಮಗೆ ತಾಯಿಯಲ್ಲ, ಅಕ್ಕ, ಇಬ್ಬರಿಗೂ ಅಜ್ಜನೊಬ್ಬನೇ. ಹಾಗೆಯೇ ಚಿಂಪಾಂಜಿಗೂ ಮನುಷ್ಯನಿಗೂ ಸುಮಾರು ಅರುವತ್ತು-ಎಪ್ಪತ್ತು ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜರಿದ್ದರು. ಅಲ್ಲಿಂದ ಕವಲೊಡೆದು ಎರಡು ದಾರಿಯಾಯಿತು. ನಮ್ಮ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ ಇವುಗಳ ಕೆಲಸ ಬೇರೆ ಬೇರೆಯಾದರೂ ಒಳಗಿನ ಎಲುಬುಗಳ ಜೋಡಣೆಯು ಒಂದೇ ಮಾದರಿಯದು. ಬಹು ಹಿಂದಿನ ಕಾಲದಲ್ಲಿ ಇವಕ್ಕೂ ಸಮಾನರಾದ ಪೂರ್ವಜರಿದ್ದರೆಂಬುದಕ್ಕೆ ಇದು ಗುರುತು.

ಬಾಳಿನಲ್ಲಿ ಪಡೆದುಕೊಂಡ ಗುಣವು ಮಕ್ಕಳಿಗೆ ಬರುವುದೆಂಬುದು ಎರಡನೆಯ ತಪ್ಪು. ಎಷ್ಟೋ ತಲೆಮಾರುಗಳಿಂದ ನಮ್ಮ ಹೆಣ್ಣುಮಕ್ಕಳ ಕಿವಿ ಚುಚ್ಚುತ್ತಲೇ ಬಂದಿದ್ದೇವೆ. ಆದರೂ ಓಲೆಯ ತೂತಿನೊಡನೆ ಹುಟ್ಟಿದ ಕೂಸನ್ನು ಯಾವ ಸೂಲಗಿತ್ತಿಯೂ ಕಂಡಿಲ್ಲ. “ಬಲಿಷ್ಠನೇ ಬದುಕುವನು” ಎಂಬ ಮಾತು ಮೂರನೆಯ ತಪ್ಪು. “ಯೋಗ್ಯತಮದ ಉಳಿವು” ಎಂಬ ಪದಪುಂಜವನ್ನು ೧೮೬೪ರಲ್ಲಿ ಹೊರಡಿಸಿದವನು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ನನು ಅದನ್ನು ತರುವಾಯ ಬಳಸಿಕೊಂಡನು. ಯೋಗ್ಯತೆಯೆಂದರೆ ತೋಳ್ಬಲವಲ್ಲ, ಆಯಾ ಸ್ಥಳಕ್ಕೆ ಒಗ್ಗುವಿಕೆ. ನಮ್ಮ ರಾಜ್ಯದ ಗಿರಿಜನರಲ್ಲಿಯೂ ಕಾಣಿಸುವ ಕುಡಗೋಲು ರಕ್ತಕಣದ ರೋಗವನ್ನೇ ನೋಡಿರಿ. ಅದರ ವಂಶವಾಹಿಯು ಎರಡೂ ಕಡೆಯಿಂದ ಬಂದವರಿಗೆ ಕಠಿನ ರೋಗ. ಒಂದೇ ಕಡೆಯಿಂದ ಬಂದವರಿಗೆ ಮಲೇರಿಯದ ಮಾರಕ ಬಾಧೆಯಿಂದ ರಕ್ಷಣೆ. ಇದನ್ನು ೧೯೫೪ರಲ್ಲಿ ಆಂಟನಿ ಆಲಿಸನ್ ಎಂಬ ವೈದ್ಯನು ಆಫ್ರಿಕದಲ್ಲಿ ತೋರಿಸಿಕೊಟ್ಟನು. ಸೊಳ್ಳೆಯಿರುವ ಸೀಮೆಯಲ್ಲಿ ವರವಾದುದು ಸೊಳ್ಳೆಯಿಲ್ಲದ ಸೀಮೆಯಲ್ಲಿ ಬರಿಯ ಭಾರ. ನಾಲ್ಕನೆಯ ತಪ್ಪಿಗೆ ನಮ್ಮ ಭಾಷೆಯೇ ಸ್ವಲ್ಪ ಎಡೆಗೊಟ್ಟಿದೆ. ‘ವಿಕಾಸವಾದ’ ಎಂದೊಡನೆ ಅದು ಒಂದು ವಾದ, ಅದಕ್ಕೆ ಪ್ರತಿವಾದವೂ ಇರಬೇಕು ಎಂದು ಕೇಳುವವರಿಗೆ ತೋರುವುದು. ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ಅಂಗಡಿಕಟ್ಟೆಯ ಮಾತಲ್ಲ. ಅನೇಕ ಕಡೆಯ ಸಾಕ್ಷ್ಯಗಳು ಒಂದಕ್ಕೊಂದು ಹೊಂದಿಕೊಂಡು ನಿಂತ ವಿವರಣೆ.

ಈ ತಿಳಿವಳಿಕೆಯಿಂದ ಮನೆಗೆ ಆಗುವ ಪ್ರಯೋಜನವೇನೆಂದು ಕೇಳಿದರೆ ಔಷಧದ ಪೆಟ್ಟಿಗೆಯನ್ನು ತೋರಿಸುವೆವು. ರೋಗಾಣುಗಳು ಕೆಲವು ಗಂಟೆಗಳಲ್ಲಿಯೇ, ಕೆಲವು ಅರ್ಧ ಗಂಟೆಯಲ್ಲಿಯೇ, ಒಂದು ಎರಡಾಗುವುವು; ಅವುಗಳ ನೂರು ತಲೆಮಾರು ನಮ್ಮ ಒಂದೆರಡು ವಾರ. ಕೋಟ್ಯಂತರ ಅಣುಜೀವಿಗಳಲ್ಲಿ ಎಲ್ಲಿಯೋ ಒಂದಕ್ಕೆ ಔಷಧವನ್ನು ತಡೆದುಕೊಳ್ಳುವ ಗುಣವಿದ್ದರೆ, ಆಂಟಿಬಯೋಟಿಕ್ ಔಷಧವು ಉಳಿದುವನ್ನು ಕೊಂದು ಆ ಒಂದಕ್ಕೆ ಬಯಲನ್ನು ತೆರವುಮಾಡಿಕೊಡುವುದು. ೧೯೨೮ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗನು, ೧೯೪೫ರಲ್ಲಿ ನೊಬೆಲ್ ಬಹುಮಾನವನ್ನು ಪಡೆದು ಮಾಡಿದ ಉಪನ್ಯಾಸದಲ್ಲಿಯೇ ಈ ಅಪಾಯದ ಎಚ್ಚರಿಕೆಯನ್ನು ಕೊಟ್ಟಿದ್ದನು. ಆತನ ಮಾತು ನಿಜವಾಯಿತು. ೨೦೧೯ರ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ ಲೋಕದಲ್ಲಿ ಸುಮಾರು ೧೨.೭ ಲಕ್ಷ ಮಂದಿ ಸತ್ತರೆಂದು ಅಂದಾಜುಮಾಡಲಾಗಿದೆ. ಕ್ಷಯರೋಗಕ್ಕೆ ಒಂದರ ಬದಲು ಹಲವು ಔಷಧಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಡುವುದರ ರಹಸ್ಯವೂ ಇದೇ: ಒಂದು ಔಷಧವನ್ನು ತಡೆಯಬಲ್ಲ ಅಣುಜೀವಿ ಇರಬಹುದು, ಎಲ್ಲವನ್ನೂ ಏಕಕಾಲದಲ್ಲಿ ತಡೆಯಬಲ್ಲುದು ಅತ್ಯಪರೂಪ. ನಡುವೆ ಔಷಧವನ್ನು ಬಿಟ್ಟವನು ತನ್ನ ದೇಹದಲ್ಲಿಯೇ ಮೊಂಡು ರೋಗಾಣುವಿನ ತಳಿ ಸಂವರ್ಧನೆಯನ್ನು ನಡೆಸಿದಂತಾಗುವುದು. ಆದುದರಿಂದ ನೆಗಡಿಗೆಂದು ಅಂಗಡಿಯಿಂದ ತಾವಾಗಿ ಆಂಟಿಬಯೋಟಿಕ್ ತರುವುದು, ಕಳೆದ ಬಾರಿ ಉಳಿದ ಮಾತ್ರೆಗಳನ್ನು ಪಕ್ಕದ ಮನೆಯವರಿಗೆ ಕೊಡುವುದು, ವೈದ್ಯರನ್ನು ಕೇಳದೆ ಅರ್ಧಕ್ಕೇ ನಿಲ್ಲಿಸುವುದು, ಇವು ಮೂರನ್ನೂ ಯಾವ ಗೃಹಿಣಿಯೂ ಮಾಡಬಾರದು.

ಒಳ್ಳೆಯ ಜ್ಞಾನವನ್ನು ಕೆಟ್ಟದ್ದಕ್ಕೆ ತಿರುಗಿಸಿದವರೂ ಉಂಟೆಂಬುದನ್ನು ಮುಚ್ಚಿಡಲಾಗದು. ದನಗಳನ್ನು ಆರಿಸಿದಂತೆ ಮನುಷ್ಯರನ್ನೂ ಆರಿಸಬೇಕೆಂದು ಡಾರ್ವಿನ್ನನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ನನು ಬೋಧಿಸಿ, ೧೮೮೩ರಲ್ಲಿ ಅದಕ್ಕೊಂದು ಹೆಸರನ್ನೂ ಇಟ್ಟನು. ೧೯೦೭ರಿಂದ ಅಮೆರಿಕದ ಒಂದೊಂದೇ ಸಂಸ್ಥಾನವು ‘ಅಯೋಗ್ಯ’ರಿಗೆ ಮಕ್ಕಳಾಗದಂತೆ ಬಲಾತ್ಕಾರದಿಂದ ಶಸ್ತ್ರಚಿಕಿತ್ಸೆ ಮಾಡಿಸುವ ಕಾನೂನನ್ನು ತಂದಿತು. ವರ್ಜೀನಿಯದ ಕ್ಯಾರಿ ಬಕ್ ಎಂಬ ಬಡ ತರುಣಿಯನ್ನೂ, ಆಕೆಯ ತಾಯಿಯನ್ನೂ, ಹಸುಗೂಸಾದ ಮಗಳನ್ನೂ ಮೂರು ತಲೆಮಾರಿನ ಮಂದಬುದ್ಧಿಗಳೆಂದು ಸಾರಿ, ೧೯೨೭ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವೇ ಆ ಕಾರ್ಯಕ್ಕೆ ಒಪ್ಪಿಗೆ ಕೊಟ್ಟಿತು. ಆ ಮಗಳು ಶಾಲೆಗೆ ಹೋಗಿ, ಒಮ್ಮೆ ತನ್ನ ತರಗತಿಯ ಗೌರವಪಟ್ಟಿಯಲ್ಲಿ ಹೆಸರು ಪಡೆದಳು. ಎಂಟು ವರ್ಷದವಳಾಗಿ ೧೯೩೨ರಲ್ಲಿ ತೀರಿಹೋದಳು. ಆ ದೇಶದಲ್ಲಿ ಅರುವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಈ ಗತಿಯಾಯಿತು. ಜರ್ಮನಿಯಲ್ಲಿ ೧೯೩೩ರ ತರುವಾಯ ನಡೆದ ಘೋರವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹುಟ್ಟಿದ ಮನೆಯನ್ನು ನೋಡಿ ಒಂದು ಮಗುವಿನ ಯೋಗ್ಯತೆಗೆ ಬೆಲೆಕಟ್ಟುವವರು, ಬಣ್ಣವನ್ನು ನೋಡಿ ಹೆಣ್ಣಿಗೆ ಅಂಕ ಕೊಡುವವರು, ಇವರಾರಿಗೂ ವಿಜ್ಞಾನವು ಆಧಾರವಲ್ಲ. ಮನುಷ್ಯರ ಮೈಬಣ್ಣದ ಭೇದವು ಬಿಸಿಲಿನ ಹೆಚ್ಚುಕಡಿಮೆಗೆ ದೇಹವು ಕಾಲಾಂತರದಲ್ಲಿ ಒಗ್ಗಿದುದರ ಗುರುತು, ಮೇಲುಕೀಳಿನ ಗುರುತಲ್ಲ. ನಾವೆಲ್ಲರೂ ಸುಮಾರು ಮೂರು ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ ಮೂಡಿದ ಒಂದೇ ಮಾನವ ಜಾತಿಯ ಮಕ್ಕಳು. ನಿಸರ್ಗವು ಹೇಗೆ ನಡೆಯುವುದೆಂದು ತಿಳಿಯುವುದು ಒಂದು. ಮನುಷ್ಯರು ಹೇಗೆ ನಡೆಯಬೇಕೆಂಬುದು ಬೇರೊಂದು.

ಇದನ್ನು ಕಲಿತರೆ ಮಕ್ಕಳ ದೈವಭಕ್ತಿಗೆ ಕುಂದು ಬಾರದೇ ಎಂಬ ಶಂಕೆಯು ಕೆಲವು ಪೋಷಕರಲ್ಲಿ, ಅವರು ಯಾವ ಮತದವರಾದರೂ ಇರಲಿ, ಇರಬಹುದು. ಡಾರ್ವಿನ್ನನ ಗ್ರಂಥವನ್ನು ಅಮೆರಿಕದಲ್ಲಿ ಮೊದಲು ಎತ್ತಿಹಿಡಿದವರಲ್ಲಿ ಪ್ರಮುಖನಾದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಯು ಶ್ರದ್ಧಾವಂತ ಕ್ರೈಸ್ತನು. ವಿಕಾಸವು ಕೇವಲ ಊಹೆಗಿಂತ ಹೆಚ್ಚಿನದೆಂದು ಪೋಪ್ ಎರಡನೆಯ ಜಾನ್ ಪಾಲರು ೧೯೯೬ರಲ್ಲಿ ಒಪ್ಪಿದರು. ಜೀವಿಗಳು ಹೇಗೆ ಬದಲಾದವೆಂಬುದನ್ನು ವಿಜ್ಞಾನವು ಹೇಳಬಲ್ಲುದು. ಬಾಳು ಏತಕ್ಕೆ, ನೆರೆಯವನೊಡನೆ ಹೇಗಿರಬೇಕು ಎಂಬುದನ್ನು ಅದು ಹೇಳುವೆನೆಂದು ಹೊರಡುವುದಿಲ್ಲ. ಸತ್ಯಕ್ಕೆ ಅಂಜಿ ಬಾಗಿಲಿಕ್ಕಿಕೊಂಡ ಭಕ್ತಿಗಿಂತ, ಕಣ್ತೆರೆದು ನೋಡಿ ತಲೆಬಾಗುವ ಭಕ್ತಿಯೇ ಗಟ್ಟಿಯೆಂದು ನಮ್ಮ ನಂಬಿಕೆ.

ಪಠ್ಯಪುಸ್ತಕದಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಗೊತ್ತುಮಾಡುವ ಅಧಿಕಾರವು ನಮಗಿಲ್ಲ. ಆದರೆ ಮನೆಯಲ್ಲಿ ಏನು ಮಾತಾಡಬೇಕೆಂಬುದು ತಾಯಿತಂದೆಗಳ ಕೈಯಲ್ಲಿದೆ. ಹಿತ್ತಲಿನ ಅವರೆಯ ಸಾಲಿನಲ್ಲ, ಕೊಟ್ಟಿಗೆಯ ಕರುಗಳಲ್ಲಿ, ಒಡಹುಟ್ಟಿದವರ ಮುಖಗಳಲ್ಲಿ ಕಾಣುವ ವ್ಯತ್ಯಾಸಗಳನ್ನು ಮಗಳಿಗೆ ತೋರಿಸಿರಿ. ಮುಂದಿನ ಬಿತ್ತನೆಗೆ ಯಾವ ಕಾಯಿಯನ್ನು ಉಳಿಸಿದಿರಿ, ಏಕೆ ಉಳಿಸಿದಿರಿ ಎಂದು ಅಜ್ಜಿಯರು ಹೇಳಲಿ. ಹುಡುಗಿಯು ಕೇಳುವ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಗದರಿಸದೆ, ಜೊತೆಯಲ್ಲಿ ಕುಳಿತು ಹುಡುಕಿರಿ. ಪ್ರಶ್ನೆ ಕೇಳುವ ಗುಣವು ತಾನಾಗಿ ರಕ್ತದಲ್ಲಿ ಬರುವಂಥದಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಮುಂದಿನದಕ್ಕೆ ಕಲಿಸಿಯೇ ಕೊಡಬೇಕು.